ರಕ್ತದ ಹರಿವಿನ ಅಳತೆಗೆ ಯಾವ ಪರೀಕ್ಷೆ? ಎಕೋ, ಒಂದೇ ಸೀಳಿನ ಎಂಆರ್‌ಐ ಮತ್ತು 4ಡಿ ಫ್ಲೋ

ದಾವಣಗೆರೆ, ಚಿತ್ರದುರ್ಗದ ಕಡೆಯ ಕುಟುಂಬಗಳು ಹೃದಯ ತಪಾಸಣೆಯ ಕಾಗದಗಳನ್ನು ಹಿಡಿದುಕೊಂಡು ಬಂದು ಕೇಳುವ ಪ್ರಶ್ನೆಗಳಲ್ಲಿ ಒಂದು ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. ಮಗುವಿಗೆ ಹಿಂದೆ ಹೃದಯದ ಶಸ್ತ್ರಚಿಕಿತ್ಸೆ ಆಗಿರುತ್ತದೆ, ಅಥವಾ ಮನೆಯ ಹಿರಿಯರೊಬ್ಬರ ಕವಾಟ ಸೋರುತ್ತಿರುತ್ತದೆ. ಊರಿನಲ್ಲಿ ಎಕೋ, ಅಂದರೆ ಧ್ವನಿಯ ಅಲೆಗಳಿಂದ ಹೃದಯವನ್ನು ನೋಡುವ ಪರೀಕ್ಷೆ, ಮಾಡಿಸಿ ಆಗಿರುತ್ತದೆ. ಆಮೇಲೆ ಬೆಂಗಳೂರಿನ ವೈದ್ಯರು ರಕ್ತದ ಹರಿವಿನ ಅಳತೆಯ ಸಮೇತ ಹೃದಯದ ಎಂಆರ್‌ಐ ಮಾಡಿಸಿ ಎಂದು ಬರೆದುಕೊಟ್ಟಿರುತ್ತಾರೆ. ಎಕೋ ಆದಮೇಲೂ ಇದು ಬೇಕೇ, 4ಡಿ ಫ್ಲೋ ಎಂಬ ಹೊಸ ವಿಧಾನವೇ ಆಗಬೇಕೇ, ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆ ತೂರಿಸುವ ಕ್ಯಾಥೆಟರ್ ಪರೀಕ್ಷೆಯನ್ನು ಇದರಿಂದ ತಪ್ಪಿಸಬಹುದೇ ಎಂಬ ಗೊಂದಲ ಅವರದು. ರೇಡಿಯಾಲಜಿ ಕಲಿಯುತ್ತಿರುವ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳೂ ಬೇರೆ ಮಾತುಗಳಲ್ಲಿ ಇದನ್ನೇ ಕೇಳುತ್ತಾರೆ. ಇಬ್ಬರಿಗೂ ಉಪಯೋಗವಾಗುವಂತೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ನಿಮ್ಮ ಹೃದ್ರೋಗ ತಜ್ಞರೊಡನೆ ಕುಳಿತು ಸರಿಯಾದ ಪ್ರಶ್ನೆ ಕೇಳಲು ಇದು ನೆರವಾಗಬೇಕೆಂಬುದು ನನ್ನ ಆಸೆ. ಅವರ ಸಲಹೆಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬಾರದು.

ಮೊದಲು ಅಳತೆಗೋಲುಗಳು

ಪರೀಕ್ಷೆಗಳನ್ನು ಹೋಲಿಸುವ ಮುನ್ನ ಯಾವುದರ ಮೇಲೆ ಹೋಲಿಸುತ್ತೇವೆ ಎಂಬುದು ಸ್ಪಷ್ಟವಾಗಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ವೈದ್ಯರಿಗೆ ಯಾವ ಉತ್ತರ ಬೇಕಾಗಿದೆ ಎಂಬುದು. ರಕ್ತ ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದು ಒಂದು ಪ್ರಶ್ನೆ, ಒಂದು ಬಡಿತದಲ್ಲಿ ಎಷ್ಟು ಮಿಲಿಲೀಟರ್ ಸಾಗುತ್ತಿದೆ ಎಂಬುದು ಇನ್ನೊಂದು, ಅದು ಯಾವ ದಾರಿಯಲ್ಲಿ, ಯಾವ ಸುಳಿಯಲ್ಲಿ ಸಾಗುತ್ತಿದೆ ಎಂಬುದು ಮತ್ತೊಂದು. ಇವುಗಳ ಜೊತೆಗೆ ಆ ಜಾಗದಲ್ಲಿ ಒತ್ತಡ ಎಷ್ಟಿದೆ ಎಂಬುದು ಬೇರೆಯೇ ಪ್ರಶ್ನೆ. ಈ ನಾಲ್ಕಕ್ಕೂ ಒಂದೇ ಯಂತ್ರ ಚೆನ್ನಾಗಿ ಉತ್ತರಿಸುವುದಿಲ್ಲ. ಎರಡನೆಯದಾಗಿ, ಅಳೆಯಬೇಕಾದ ಜಾಗ ಮೊದಲೇ ಗೊತ್ತಿದೆಯೇ, ಅಥವಾ ಎಲ್ಲಿ ನೋಡಬೇಕು ಎಂಬುದೇ ಗೊತ್ತಿಲ್ಲವೇ ಎಂದು ಕೇಳಿಕೊಳ್ಳಬೇಕು. ಮೂರನೆಯದು ರೋಗಿಯ ಸ್ಥಿತಿ: ಹೃದಯದ ಲಯ ಕ್ರಮವಾಗಿದೆಯೇ, ಉಸಿರು ಹಿಡಿಯಲು ಆಗುತ್ತದೆಯೇ, ಅರ್ಧ ಗಂಟೆಗೂ ಹೆಚ್ಚು ಕಾಲ ಅಲುಗಾಡದೆ ಮಲಗಲು ಸಾಧ್ಯವೇ? ನಾಲ್ಕನೆಯದು, ಬಂದ ಅಂಕಿ ಸರಿ ಇದೆಯೇ ಎಂದು ಅದೇ ಪರೀಕ್ಷೆಯೊಳಗೆ ತಾಳೆ ನೋಡುವ ದಾರಿ ಇದೆಯೇ ಎಂಬುದು. ಕೊನೆಯದು ಖರ್ಚು, ಪ್ರಯಾಣ, ಮತ್ತು ವರ್ಷ ವರ್ಷವೂ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಗುವ ಸಾಧ್ಯತೆ.

ಖರ್ಚನ್ನು ಕೊನೆಗೆ ಹೇಳಿದ್ದು ಅದು ಸಣ್ಣ ವಿಷಯವೆಂದಲ್ಲ. ಮೊದಲ ನಾಲ್ಕಕ್ಕೆ ಉತ್ತರ ಸಿಗದೆ ಮಾಡಿಸಿದ ಪರೀಕ್ಷೆ ಎಷ್ಟೇ ಅಗ್ಗವಾದರೂ ಆ ಹಣ ವ್ಯರ್ಥವಾಗುತ್ತದೆ.

ಹರಿವು ಯಾಕೆ ಇಷ್ಟು ಜಟಿಲ

ಭದ್ರಾ ನಾಲೆಯ ನೀರನ್ನು ನಂಬಿದ ನಮ್ಮ ರೈತರಿಗೆ ಇದರ ತತ್ತ್ವ ಹೊಸದಲ್ಲ. ನಾಲೆಯ ಅಡ್ಡಗಾತ್ರವನ್ನು ನೀರಿನ ಸರಾಸರಿ ವೇಗದಿಂದ ಗುಣಿಸಿದರೆ ಎಷ್ಟು ಕ್ಯೂಸೆಕ್ ಹರಿಯುತ್ತಿದೆ ಎಂದು ತಿಳಿಯುತ್ತದೆ, ಮತ್ತು ಮೇಲೆ ಬಿಟ್ಟ ನೀರಿಗೂ ಅಚ್ಚುಕಟ್ಟಿನ ಕೊನೆಗೆ ಮುಟ್ಟಿದ ನೀರಿಗೂ ವ್ಯತ್ಯಾಸ ಬಂದರೆ ನಡುವೆ ಎಲ್ಲೋ ನೀರು ಬೇರೆ ಕಡೆ ಹೋಗಿದೆ ಎಂದು ಅರ್ಥ. ರಕ್ತನಾಳದಲ್ಲಿಯೂ ಲೆಕ್ಕ ಇದೇ. ತೊಡಕು ಬರುವುದು ಬೇರೆ ಕಾರಣಕ್ಕೆ. ರಕ್ತ ಪ್ರತಿ ಬಡಿತಕ್ಕೂ ನುಗ್ಗಿ ನಿಲ್ಲುತ್ತದೆ, ನಾಳದ ಗೋಡೆ ಹಿಗ್ಗಿ ಕುಗ್ಗುತ್ತದೆ, ಮತ್ತು ಆರೋಗ್ಯವಂತರಲ್ಲಿಯೂ ಮಹಾಪಧಮನಿಯ ಬಾಗಿನಲ್ಲಿ ರಕ್ತ ತಿರುಚಿಕೊಂಡು ಸಾಗುತ್ತದೆ.

ಮೂರು ಎಸಳಿರಬೇಕಾದ ಮಹಾಪಧಮನಿ ಕವಾಟ ಹುಟ್ಟಿನಿಂದಲೇ ಎರಡು ಎಸಳಿನದಾಗಿದ್ದರೆ ಧಾರೆ ನಡುವಿನಲ್ಲಿ ಹೋಗದೆ ಒಂದು ಪಕ್ಕದ ಗೋಡೆಗೆ ಬಡಿಯುತ್ತದೆ, ಅದರ ಮಗ್ಗುಲಲ್ಲಿ ಸುಳಿಗಳು ಏಳುತ್ತವೆ. ಇಂಥ ಕವಾಟ ನೂರರಲ್ಲಿ ಒಬ್ಬಿಬ್ಬರಿಗೆ ಇರುವುದರಿಂದ ಇದನ್ನು ಅಪರೂಪದ ತೊಂದರೆ ಎಂದು ಹೇಳಲಾಗದು. ವೇಗಕ್ಕೆ ಮೂರು ದಿಕ್ಕಿನ ಭಾಗಗಳಿರುವ ಇಂಥ ಜಾಗದಲ್ಲಿ ಒಂದೇ ದಿಕ್ಕನ್ನು ನೋಡುವ ಉಪಕರಣವು ಕಾಣುವುದನ್ನಷ್ಟೇ ಹೇಳುತ್ತದೆ, ಕಾಣದ್ದನ್ನು ಬಿಟ್ಟುಬಿಡುತ್ತದೆ. ಜಟಿಲ ಹರಿವಿಗೆ ಬೇರೆ ವಿಧಾನ ಬೇಕೆಂಬ ವಾದ ಹುಟ್ಟಿದ್ದು ಇಲ್ಲಿಂದ.

ಎಕೋ ಮತ್ತು ಡಾಪ್ಲರ್

ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ತತ್ತ್ವದ ಮೇಲೆ, ಅಂದರೆ ಚಲಿಸುವ ವಸ್ತುವಿನಿಂದ ಬರುವ ಅಲೆಯ ಕಂಪನ ಅದರ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದರ ಮೇಲೆ, ನಿಂತಿರುವ ಈ ಪರೀಕ್ಷೆ ಇಂದಿಗೂ ಮೊದಲ ಮೆಟ್ಟಿಲು, ಮತ್ತು ಹೆಚ್ಚಿನವರಿಗೆ ಅದೇ ಕೊನೆಯ ಮೆಟ್ಟಿಲು ಕೂಡ. ವಿಕಿರಣವಿಲ್ಲ, ಸೂಜಿಯಿಲ್ಲ, ಹಾಸಿಗೆಯ ಪಕ್ಕದಲ್ಲೇ ಮಾಡಬಹುದು, ಮತ್ತು ವೇಗದ ಏರಿಳಿತವನ್ನು ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಹಿಡಿಯಬಹುದು. ಈ ಕೊನೆಯ ಗುಣದಲ್ಲಿ ಯಾವ ಎಂಆರ್‌ಐ ಕೂಡ ಎಕೋಗೆ ಸಮನಲ್ಲ. ಕಿರಿದಾದ ಕವಾಟದ ಮೂಲಕ ಚಿಮ್ಮುವ ಧಾರೆಯ ಅತ್ಯಧಿಕ ವೇಗ ಬೇಕಿದ್ದರೆ ಎಕೋವನ್ನೇ ನಂಬಬೇಕು. ಆ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಕವಾಟದ ಆಚೀಚೆ ಇರುವ ಒತ್ತಡದ ವ್ಯತ್ಯಾಸ ಸಿಗುತ್ತದೆ: ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ ಸುಮಾರು 64 ಮಿಲಿಮೀಟರ್ ಪಾದರಸ.

ಇದರ ದೌರ್ಬಲ್ಯ ಎರಡು ಕಡೆ ಇದೆ. ಧ್ವನಿಯ ಕಿರಣ ಮತ್ತು ರಕ್ತದ ಧಾರೆ ಒಂದೇ ಸಾಲಿನಲ್ಲಿ ಇರದಿದ್ದರೆ ವೇಗ ಕಡಿಮೆ ಕಾಣುತ್ತದೆ. ಕೋನ 30 ಡಿಗ್ರಿ ತಪ್ಪಿದರೆ ವೇಗ ಶೇಕಡ 13ರಷ್ಟು ಕುಸಿಯುತ್ತದೆ. ಒತ್ತಡದ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ ಆ 64 ಎಂಬುದು 48ಕ್ಕೆ ಇಳಿಯುತ್ತದೆ. ಎರಡನೆಯದಾಗಿ, ಹರಿವಿನ ಪ್ರಮಾಣವನ್ನು ಲೆಕ್ಕ ಹಾಕಲು ಎಕೋ ನಾಳದ ವ್ಯಾಸವನ್ನು ಅಳೆದು, ಅದು ವೃತ್ತಾಕಾರವೆಂದು ಭಾವಿಸಿ ವಿಸ್ತೀರ್ಣ ತೆಗೆಯುತ್ತದೆ. 2 ಸೆಂಟಿಮೀಟರಿನ ಬದಲು 1.8 ಎಂದು ಅಳೆದರೆ, ಅಂದರೆ ಬರೀ ಎರಡು ಮಿಲಿಮೀಟರ್ ತಪ್ಪಿದರೆ, ವಿಸ್ತೀರ್ಣ ಶೇಕಡ 19ರಷ್ಟು ಕಡಿಮೆಯಾಗುತ್ತದೆ, ಹರಿವೂ ಅಷ್ಟೇ ಕಡಿಮೆ ಕಾಣುತ್ತದೆ. ಜೊತೆಗೆ ದಪ್ಪ ಮೈಯವರಲ್ಲಿ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ, ಹಿಂದೆ ಎದೆ ತೆರೆದು ಶಸ್ತ್ರಚಿಕಿತ್ಸೆ ಆದವರಲ್ಲಿ ಹೃದಯದ ಬಲಭಾಗ ಮತ್ತು ಶ್ವಾಸಕೋಶದ ಅಪಧಮನಿಗಳು ಎಕೋದಲ್ಲಿ ಸರಿಯಾಗಿ ಕಾಣುವುದೇ ಇಲ್ಲ.

ಆದರೂ ನಮ್ಮ ಭಾಗದಲ್ಲಿ ಇನ್ನೂ ಕಾಣಸಿಗುವ ಸಂಧಿವಾತ ಜ್ವರದ ನಂತರದ ಮೈಟ್ರಲ್ ಕವಾಟದ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ) ಕಿರಿದಾಗುವಿಕೆಗೆ ಎಕೋ ಸಾಕು. ಅಂಥವರಿಗೆ ಹರಿವಿನ ಎಂಆರ್‌ಐ ಮಾಡಿಸಬೇಕೇ ಎಂದು ಕೇಳಿದರೆ, ಎಕೋದ ಚಿತ್ರ ಚೆನ್ನಾಗಿ ಬಂದಿದ್ದರೆ ಬೇಡ ಎಂದೇ ಹೇಳುತ್ತೇನೆ.

ಒಂದೇ ಸೀಳಿನ ಫೇಸ್ ಕಾಂಟ್ರಾಸ್ಟ್ ಎಂಆರ್‌ಐ

ಎಂಆರ್‌ಐ ಯಂತ್ರದಲ್ಲಿ ಕಾಂತಕ್ಷೇತ್ರವನ್ನು ಒಂದು ದಿಕ್ಕಿಗೆ ಸ್ವಲ್ಪ ಹೊತ್ತು ಬದಲಿಸಿ, ಕೂಡಲೇ ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗೆ ಬದಲಿಸಿದರೆ ನಿಂತ ಜಾಗದಲ್ಲೇ ಇರುವ ಅಂಗಾಂಶದ ಮೇಲೆ ನಿವ್ವಳ ಪರಿಣಾಮ ಸೊನ್ನೆಯಾಗುತ್ತದೆ. ಚಲಿಸುವ ರಕ್ತದಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಎರಡನೆಯ ಬದಲಾವಣೆಯ ವೇಳೆಗೆ ಅದು ಬೇರೆ ಜಾಗಕ್ಕೆ ಹೋಗಿರುತ್ತದೆ; ಉಳಿಯುವ ವ್ಯತ್ಯಾಸವು ಅದರ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ. ಸಂಕೇತದ ಈ ಪ್ರಾವಸ್ಥೆಯ ವ್ಯತ್ಯಾಸವನ್ನು, ಅಂದರೆ ಫೇಸ್ ಅನ್ನು, ವೇಗದ ನಕ್ಷೆಯಾಗಿ ಬಳಸುವ ದಾರಿಯನ್ನು ಪಾಲ್ ಮೊರಾನ್ 1982ರಲ್ಲಿ ತೋರಿಸಿದರು, ಅದೇ ದಶಕದಲ್ಲಿ ಅದು ಹೃದಯದ ಚಿತ್ರಣಕ್ಕೆ ಬಂತು.

ಕೆಲಸ ನಡೆಯುವುದು ಹೀಗೆ: ತಂತ್ರಜ್ಞರು ನಾಳಕ್ಕೆ ಲಂಬವಾಗಿ ಒಂದು ಸೀಳನ್ನು, ಅಂದರೆ ಚಿತ್ರ ತೆಗೆಯುವ ತೆಳುವಾದ ಅಡ್ಡಪದರವನ್ನು, ಇಡುತ್ತಾರೆ, ರೋಗಿ ಹತ್ತರಿಂದ ಇಪ್ಪತ್ತು ಸೆಕೆಂಡು ಉಸಿರು ಹಿಡಿಯುತ್ತಾರೆ, ಇಸಿಜಿಯ ಲಯಕ್ಕೆ ಹೊಂದಿಸಿ ಹಲವು ಬಡಿತಗಳ ಮಾಹಿತಿಯನ್ನು ಒಂದು ಬಡಿತದ ಚಲನಚಿತ್ರವಾಗಿ ಜೋಡಿಸಲಾಗುತ್ತದೆ. ಅಡ್ಡಗಾತ್ರದ ಚಿತ್ರದಲ್ಲಿನ ಪ್ರತಿಯೊಂದು ಚುಕ್ಕೆಯ ವೇಗವನ್ನೂ ಅದರ ವಿಸ್ತೀರ್ಣದಿಂದ ಗುಣಿಸಿ ಕೂಡಿಸಿದರೆ ಹರಿವು ಸಿಗುತ್ತದೆ. ನಾಳ ವೃತ್ತಾಕಾರವಾಗಿರಬೇಕು ಎಂಬ ಊಹೆ ಇಲ್ಲಿ ಇಲ್ಲವೇ ಇಲ್ಲ, ಚುಚ್ಚುಮದ್ದಿನ ಬಣ್ಣವೂ ಬೇಕಿಲ್ಲ. ಮುಂದಕ್ಕೆ ಎಷ್ಟು ಹೋಯಿತು, ಹಿಂದಕ್ಕೆ ಎಷ್ಟು ಸೋರಿತು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಕೊಡುವ ವಿಧಾನವನ್ನು ನಾನು ಕಂಡಿಲ್ಲ.

ಆದರೆ ಇದರ ನಿಖರತೆ ಕೆಲವು ಸಣ್ಣ ಎಚ್ಚರಗಳ ಮೇಲೆ ನಿಂತಿದೆ, ಮತ್ತು ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲೇಬೇಕು.

ಮೊದಲನೆಯದು ವೆಂಕ್ ಎಂದು ಕರೆಯುವ ವೇಗದ ಮಿತಿ. ಅಳೆಯುವ ಮುನ್ನವೇ ಗರಿಷ್ಠ ವೇಗ ಇಷ್ಟಿರಬಹುದು ಎಂದು ಯಂತ್ರಕ್ಕೆ ಹೇಳಬೇಕು. ಮಿತಿಯನ್ನು ಸೆಕೆಂಡಿಗೆ 150 ಸೆಂಟಿಮೀಟರ್ ಎಂದು ಇಟ್ಟಾಗ ನಿಜವಾದ ವೇಗ 170 ಇದ್ದರೆ, ಯಂತ್ರ ಅದನ್ನು ವಿರುದ್ಧ ದಿಕ್ಕಿನಲ್ಲಿ 130 ಎಂದು ತೋರಿಸುತ್ತದೆ. ಹೆದರಿ ಮಿತಿಯನ್ನು 400ಕ್ಕೆ ಏರಿಸಿದರೆ ಬೇರೆ ತೊಂದರೆ: ವೇಗದಲ್ಲಿ ಬರುವ ಗದ್ದಲವೂ ಅದೇ ಅನುಪಾತದಲ್ಲಿ ಏರುತ್ತದೆ, ನಿಧಾನ ಹರಿವು ಅದರಲ್ಲಿ ಮುಳುಗಿಹೋಗುತ್ತದೆ. ನಿರೀಕ್ಷಿತ ವೇಗಕ್ಕಿಂತ ಸ್ವಲ್ಪವೇ ಮೇಲೆ ಇಡುವುದು ಸರಿಯಾದ ಪದ್ಧತಿ, ಮತ್ತು ಆ ನಿರೀಕ್ಷಿತ ವೇಗ ಸಿಗುವುದು ಎಕೋ ವರದಿಯಿಂದ. ಆದ್ದರಿಂದಲೇ ಎಂಆರ್‌ಐಗೆ ಬರುವವರು ಹಳೆಯ ಎಕೋ ಕಾಗದವನ್ನು ತಪ್ಪದೆ ತರಬೇಕು.

ಎರಡನೆಯದು ಹಿನ್ನೆಲೆಯ ದೋಷ. ಯಂತ್ರದೊಳಗೆ ಹುಟ್ಟುವ ಸುಳಿವಿದ್ಯುತ್ತಿನಿಂದ, ನಿಂತ ಅಂಗಾಂಶಕ್ಕೂ ಒಂದು ಸಣ್ಣ ಸುಳ್ಳು ವೇಗ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ಒಂದು ಸೆಂಟಿಮೀಟರ್ ಎಂದರೆ ಏನೂ ಅಲ್ಲವೆಂದು ತೋರುತ್ತದೆ. ಲೆಕ್ಕ ಹಾಕಿ ನೋಡಿ: 3 ಸೆಂಟಿಮೀಟರ್ ವ್ಯಾಸದ ಮಹಾಪಧಮನಿಯ ಅಡ್ಡಗಾತ್ರ ಸುಮಾರು 7 ಚದರ ಸೆಂಟಿಮೀಟರ್, ಹಾಗಾಗಿ ಆ ಸುಳ್ಳು ವೇಗ ಸೆಕೆಂಡಿಗೆ 7 ಮಿಲಿಲೀಟರ್ ಸುಳ್ಳು ಹರಿವಾಗುತ್ತದೆ, ನಿಮಿಷಕ್ಕೆ 420. ನಿಮಿಷಕ್ಕೆ 5 ಲೀಟರ್ ಸಾಗಿಸುವ ಹೃದಯದಲ್ಲಿ ಇದು ಶೇಕಡ ಎಂಟನ್ನು ದಾಟುತ್ತದೆ. ಇದರ ಪರಿಣಾಮ ಕವಾಟದ ನಿರ್ಧಾರದವರೆಗೂ ಹೋಗುತ್ತದೆ. ಮೈಟ್ರಲ್ ಸೋರಿಕೆಯನ್ನು ಎಂಆರ್‌ಐಯಲ್ಲಿ ಕಂಡುಕೊಳ್ಳುವುದು ಸಾಮಾನ್ಯವಾಗಿ ಕಳೆಯುವ ಲೆಕ್ಕದಿಂದ: ಎಡ ಹೃತ್ಕುಕ್ಷಿ ಒಂದು ಬಡಿತದಲ್ಲಿ 110 ಮಿಲಿಲೀಟರ್ ಹೊರದೂಡಿ, ಮಹಾಪಧಮನಿಯಲ್ಲಿ 70 ಮಾತ್ರ ಸಾಗಿದರೆ 40 ಹಿಂದಕ್ಕೆ ಸೋರಿದೆ, ಅಂದರೆ ಶೇಕಡ 36. ನಿಮಿಷಕ್ಕೆ 60 ಬಡಿತವಿರುವಾಗ ಮೇಲೆ ಹೇಳಿದ ದೋಷದಿಂದ 70 ಎಂಬುದು 63 ಆದರೆ ಸೋರಿಕೆ ಶೇಕಡ 43 ಎಂದಾಗುತ್ತದೆ. ರೋಗಿ ಬದಲಾಗಿಲ್ಲ, ಅಂಕಿ ಮಾತ್ರ ಬದಲಾಗಿದೆ. ನಿಂತ ದ್ರವ ತುಂಬಿದ, ಫ್ಯಾಂಟಮ್ ಎಂದು ಕರೆಯುವ ಪಾತ್ರೆಯನ್ನು ಅದೇ ಜಾಗದಲ್ಲಿಟ್ಟು, ಅದೇ ಸೀಳನ್ನು ಮತ್ತೆ ತೆಗೆದು ಕಳೆಯುವುದು ಇದಕ್ಕೆ ನಂಬಬಹುದಾದ ಪರಿಹಾರ. ಸಮಯವಿಲ್ಲವೆಂದು ಇದನ್ನು ಬಿಡುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಸೀಳಿನ ಓರೆಯ ಬಗ್ಗೆ ವಿದ್ಯಾರ್ಥಿಗಳು ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ. ಸೀಳು 20 ಡಿಗ್ರಿ ಓರೆಯಾದರೆ ವೇಗ ಶೇಕಡ ಆರರಷ್ಟು ಕಡಿಮೆ ಕಾಣುತ್ತದೆ, ಆದರೆ ಅಡ್ಡಗಾತ್ರ ಹೆಚ್ಚು ಕಡಿಮೆ ಅಷ್ಟೇ ದೊಡ್ಡದಾಗಿ ಕಾಣುವುದರಿಂದ ಒಟ್ಟು ಹರಿವಿನ ಅಂಕಿ ಬಹಳ ಬದಲಾಗುವುದಿಲ್ಲ. ಗರಿಷ್ಠ ವೇಗ ಬೇಕಾದಾಗ ಮಾತ್ರ ಇದು ದೊಡ್ಡ ದೋಷ. ಚಿಕ್ಕ ನಾಳಗಳ ವಿಷಯ ಬೇರೆ. ಚುಕ್ಕೆಯ ಅಗಲ 2 ಮಿಲಿಮೀಟರ್ ಇರುವಾಗ ದೊಡ್ಡವರ ಮಹಾಪಧಮನಿಯ ಅಡ್ಡಕ್ಕೆ ಹದಿನೈದು ಚುಕ್ಕೆಗಳು ಸಿಗುತ್ತವೆ, ಮಗುವಿನ 8 ಮಿಲಿಮೀಟರಿನ ಕವಲಿಗೆ ನಾಲ್ಕೇ. ಅಂಚಿನ ಚುಕ್ಕೆಗಳಲ್ಲಿ ರಕ್ತ ಮತ್ತು ಗೋಡೆ ಬೆರೆತು ಲೆಕ್ಕ ಕೆಡುತ್ತದೆ.

ಈ ವಿಧಾನದ ನಿಜವಾದ ಮಿತಿ ಎಂದರೆ, ಎಲ್ಲಿ ಅಳೆಯಬೇಕೆಂದು ರೋಗಿ ಯಂತ್ರದೊಳಗೆ ಇರುವಾಗಲೇ ತೀರ್ಮಾನಿಸಬೇಕು. ಆಮೇಲೆ ನೆನಪಾದ ಜಾಗಕ್ಕೆ ಮತ್ತೆ ಹೋಗಲು ಆಗುವುದಿಲ್ಲ.

4ಡಿ ಫ್ಲೋ

ಮೇಲಿನ ಮಿತಿಯನ್ನೇ 4ಡಿ ಫ್ಲೋ ತೆಗೆದುಹಾಕುತ್ತದೆ. ಒಂದು ಸೀಳಿನ ಬದಲು ಎದೆಯ ಇಡೀ ಘನಭಾಗವನ್ನು ಹಿಡಿದು, ಪ್ರತಿ ಚುಕ್ಕೆಯಲ್ಲೂ ಮೂರು ದಿಕ್ಕಿನ ವೇಗವನ್ನು ಬಡಿತದ ಉದ್ದಕ್ಕೂ ದಾಖಲಿಸುತ್ತದೆ. ಮೂರು ಆಯಾಮಗಳಿಗೆ ಕಾಲ ಸೇರಿ ನಾಲ್ಕು. ಇದಕ್ಕಾಗಿ ಒಂದು ಆಧಾರ ಚಿತ್ರ ಮತ್ತು ಮೂರು ದಿಕ್ಕಿನ ಚಿತ್ರ, ಹೀಗೆ ನಾಲ್ಕು ಪಟ್ಟು ಮಾಹಿತಿ ಬೇಕು. ಹಾಗಾಗಿ ಇದು ಸಾಮಾನ್ಯವಾಗಿ ಐದರಿಂದ ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ. ಉಸಿರು ಹಿಡಿಯಬೇಕಿಲ್ಲ, ರೋಗಿ ಸಹಜವಾಗಿ ಉಸಿರಾಡುತ್ತಾ ಮಲಗಬಹುದು, ಯಂತ್ರವು ವಪೆಯ ಚಲನೆಯನ್ನು ಗಮನಿಸಿ ಮಾಹಿತಿಯನ್ನು ಆರಿಸಿಕೊಳ್ಳುತ್ತದೆ. ಉಸಿರು ಹಿಡಿಯಲಾಗದ ವಯಸ್ಸಾದವರಿಗೆ, ಹೇಳಿದ್ದು ಅರ್ಥವಾಗದ ಸಣ್ಣವರಿಗೆ ಇದು ದೊಡ್ಡ ಉಪಕಾರ.

ರೋಗಿ ಮನೆಗೆ ಹೋದ ಮೇಲೂ ಯಾವ ನಾಳದಲ್ಲಿ ಬೇಕಾದರೂ ಸೀಳನ್ನು ಇಟ್ಟು ಹರಿವನ್ನು ಅಳೆಯಬಹುದು ಎಂಬುದೇ ಇದರ ಮುಖ್ಯ ಲಾಭ. ಬಣ್ಣ ಬಣ್ಣದ ಗೆರೆಗಳಲ್ಲಿ ಸುಳಿ ತೋರಿಸುವ ಚಿತ್ರಗಳು ಮನಸ್ಸನ್ನು ಸೆಳೆಯುತ್ತವೆ, ಆದರೆ ನನಗೆ ಅದಕ್ಕಿಂತ ಬೆಲೆಯುಳ್ಳದ್ದು ತಾಳೆ ನೋಡುವ ಅವಕಾಶ. ಶ್ವಾಸಕೋಶದ ಮುಖ್ಯ ಅಪಧಮನಿಯಲ್ಲಿ ಹೋದದ್ದು ಅದರ ಎಡ ಬಲ ಕವಲುಗಳ ಮೊತ್ತಕ್ಕೆ ಸಮನಾಗಬೇಕು. ರಂಧ್ರವಿಲ್ಲದ ಹೃದಯದಲ್ಲಿ ಶ್ವಾಸಕೋಶಕ್ಕೆ ಹೋದದ್ದು ಮೈಗೆ ಹೋದದ್ದಕ್ಕೆ ಹೆಚ್ಚು ಕಡಿಮೆ ಸಮನಾಗಬೇಕು. ಒಂದೇ ಸಂಗ್ರಹದೊಳಗೆ ಈ ಲೆಕ್ಕಗಳು ಕೂಡಿಬಂದರೆ ಅಂಕಿಗಳ ಮೇಲೆ ಭರವಸೆ ಇಡಬಹುದು, ಬರದಿದ್ದರೆ ವರದಿಗೆ ಸಹಿ ಹಾಕುವ ಮುನ್ನ ಕಾರಣ ಹುಡುಕಬೇಕು. ಒಂದೇ ಸೀಳಿನ ವಿಧಾನದಲ್ಲಿಯೂ ಹೀಗೆ ತಾಳೆ ನೋಡಬಹುದು, ಆದರೆ ಪ್ರತಿ ನಾಳಕ್ಕೂ ಬೇರೆ ಬೇರೆ ಉಸಿರಿನಲ್ಲಿ, ಬೇರೆ ಬೇರೆ ಹೃದಯ ಬಡಿತದಲ್ಲಿ ಅಳೆದಿರುತ್ತೇವೆ.

ಇದಕ್ಕೆ ಕೊಡುವ ಬೆಲೆಯೂ ಇದೆ. ಚುಕ್ಕೆಗಳು ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ಘನದ್ದಾಗಿರುತ್ತವೆ, ಚಿತ್ರಗಳ ನಡುವಿನ ಅಂತರ 40 ಮಿಲಿಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಒಂದು ಚುಕ್ಕೆಯೊಳಗಿನ ಎಲ್ಲ ವೇಗಗಳೂ ಸರಾಸರಿಯಾಗಿ ಬರುವುದರಿಂದ ಸಣ್ಣ ಧಾರೆಯ ಗರಿಷ್ಠ ವೇಗ ಎಕೋಗಿಂತ ಕಡಿಮೆ ಕಾಣುವುದು ಸಾಮಾನ್ಯ. ಗೋಡೆಯ ಮೇಲಿನ ಉಜ್ಜುಬಲವನ್ನೂ ಇದರಿಂದ ಲೆಕ್ಕ ಹಾಕುತ್ತಾರೆ. ಆ ಅಂಕಿಯೂ ಚುಕ್ಕೆಯ ಗಾತ್ರಕ್ಕೆ ತಕ್ಕಂತೆ ಕಡಿಮೆಯಾಗಿ ಬರುತ್ತದೆ, ಆದ್ದರಿಂದ ಬೇರೆ ಬೇರೆ ಯಂತ್ರಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಇಡೀ ಘನಭಾಗಕ್ಕೆ ಒಂದೇ ವೆಂಕ್ ಇಡುವುದರಿಂದ ಧಮನಿಯ ವೇಗಕ್ಕೆ ಹೊಂದಿಸಿದರೆ ಅಭಿಧಮನಿಯ ನಿಧಾನ ಹರಿವು ಮಸುಕಾಗುತ್ತದೆ; ಎರಡು ವೆಂಕ್ ಬಳಸುವ ವಿಧಾನಗಳು ಬಂದಿವೆ, ಆದರೆ ಸಮಯ ಹೆಚ್ಚುತ್ತದೆ. ಇಷ್ಟೆಲ್ಲ ಆದಮೇಲೆ ಮಾಹಿತಿಯನ್ನು ಸಂಸ್ಕರಿಸಲು ಪ್ರತ್ಯೇಕ ತಂತ್ರಾಂಶ ಬೇಕು, ಅದನ್ನು ಬಲ್ಲವರು ಬೇಕು. ಯಂತ್ರದಲ್ಲಿ 4ಡಿ ಫ್ಲೋ ಇದೆ ಎಂಬುದಕ್ಕೂ ಅದನ್ನು ಓದಿ ವರದಿ ಕೊಡುವವರು ಇದ್ದಾರೆ ಎಂಬುದಕ್ಕೂ ಬಹಳ ಅಂತರವಿದೆ. ಬುಕಿಂಗ್ ಮಾಡುವಾಗ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಕ್ಯಾಥೆಟರ್ ಮತ್ತು ಸಿಟಿ

ಒತ್ತಡವನ್ನು ನೇರವಾಗಿ ಅಳೆಯುವುದು ಕ್ಯಾಥೆಟರ್ ಮಾತ್ರ. ವರ್ನರ್ ಫೋರ್ಸ್‌ಮನ್ 1929ರಲ್ಲಿ ತನ್ನದೇ ಹೃದಯದೊಳಗೆ ನಳಿಕೆ ತೂರಿಸಿ ತೋರಿಸಿದ ದಾರಿ ಇದು. 1956ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ಸಿಕ್ಕಿತು. ಶ್ವಾಸಕೋಶದ ರಕ್ತನಾಳಗಳ ಪ್ರತಿರೋಧ ಏರಿದೆಯೇ, ರಂಧ್ರ ಮುಚ್ಚಿದರೆ ಅಪಾಯವಾಗುತ್ತದೆಯೇ ಎಂಬ ಪ್ರಶ್ನೆ ಬಂದಾಗ ಎಂಆರ್‌ಐ ಎಷ್ಟೇ ಚೆನ್ನಾಗಿದ್ದರೂ ಸಾಲದು. ಚುಚ್ಚುವ ಪರೀಕ್ಷೆ, ವಿಕಿರಣವಿದೆ, ಆಸ್ಪತ್ರೆಯಲ್ಲಿ ಉಳಿಯಬೇಕಾಗಬಹುದು. ಆದರೂ ಬೇಕಾದಾಗ ಬೇಕೇ. ಸಿಟಿ ಆಂಜಿಯೋ ನಾಳದ ಆಕಾರವನ್ನು ಅತಿ ಸೂಕ್ಷ್ಮವಾಗಿ ತೋರಿಸುತ್ತದೆ, ಲೋಹದ ಸ್ಟೆಂಟ್ ಇದ್ದಾಗ ಎಂಆರ್‌ಐ ಚಿತ್ರ ಕಪ್ಪಾಗುವಲ್ಲಿ ಅದು ನೆರವಾಗುತ್ತದೆ, ಆದರೆ ರಕ್ತದ ವೇಗವನ್ನು ಅದು ಅಳೆಯುವುದಿಲ್ಲ.

ಯಾರಿಗೆ ಯಾವುದು

ಫ್ಯಾಲೋ ಟೆಟ್ರಾಲಜಿ ಎಂಬ, ನಾಲ್ಕು ದೋಷಗಳು ಸೇರಿದ ಹುಟ್ಟು ಹೃದಯ ಕಾಯಿಲೆಗೆ ಚಿಕ್ಕಂದಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಈಗ ಕಾಲೇಜಿಗೆ ಹೋಗುತ್ತಿರುವ ಹುಡುಗ ಹುಡುಗಿಯರನ್ನು ಮೊದಲು ಹೇಳುತ್ತೇನೆ, ಏಕೆಂದರೆ ಹರಿವಿನ ಎಂಆರ್‌ಐಯಿಂದ ಅತಿ ಹೆಚ್ಚು ಪ್ರಯೋಜನ ಇವರಿಗೆ, ಮತ್ತು ಆರಾಮವಾಗಿದ್ದೇನೆ ಎಂದು ತಪಾಸಣೆ ಬಿಟ್ಟುಬಿಡುವವರೂ ಹೆಚ್ಚಾಗಿ ಇವರೇ. ಇವರಲ್ಲಿ ಶ್ವಾಸಕೋಶದ ಕವಾಟ ವರ್ಷಗಟ್ಟಲೆ ಸೋರಿ ಬಲ ಹೃತ್ಕುಕ್ಷಿ ಹಿಗ್ಗುತ್ತದೆ. ಹೊಸ ಕವಾಟ ಯಾವಾಗ ಹಾಕಬೇಕೆಂಬ ತೀರ್ಮಾನ ಸೋರಿಕೆಯ ಶೇಕಡಾವಾರು ಮತ್ತು ಬಲ ಹೃತ್ಕುಕ್ಷಿಯ ಗಾತ್ರದ ಮೇಲೆ ನಿಂತಿದೆ. ಆ ಗಾತ್ರಕ್ಕೆ ಎಂಆರ್‌ಐಯೇ ಪ್ರಮಾಣ. ಇವರಿಗೆ ಒಂದೇ ಸೀಳಿನ ವಿಧಾನ ಸಾಕು, ಏಕೆಂದರೆ ಜಾಗ ಗೊತ್ತಿದೆ, ಬೇಕಾದ ಅಂಕಿ ಗೊತ್ತಿದೆ. ಎಡ ಬಲ ಕವಲುಗಳೂ ಕಿರಿದಾಗಿರುವ ಅನುಮಾನವಿದ್ದರೆ 4ಡಿ ಉಪಯೋಗಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ಬಾರಿಯೂ ಸಾಧ್ಯವಾದಷ್ಟು ಒಂದೇ ಕೇಂದ್ರದಲ್ಲಿ, ಒಂದೇ ವಿಧಾನದಲ್ಲಿ ಮಾಡಿಸುವುದು. ಎರಡು ವರ್ಷದ ಅಂತರದಲ್ಲಿ ಅಂಕಿ ಏರಿದ್ದು ಕಾಯಿಲೆಯಿಂದಲೋ ಯಂತ್ರ ಬದಲಾದ್ದರಿಂದಲೋ ಎಂಬ ಅನುಮಾನ ಆಗ ಉಳಿಯುವುದಿಲ್ಲ.

ಹೃತ್ಕರ್ಣಗಳ ನಡುವೆ ರಂಧ್ರವಿದೆ ಎಂದು ದೊಡ್ಡವರಾದ ಮೇಲೆ ತಿಳಿದವರಲ್ಲಿ ಶ್ವಾಸಕೋಶಕ್ಕೆ ಹೋಗುವ ಹರಿವು ಮೈಗೆ ಹೋಗುವುದಕ್ಕಿಂತ ಎಷ್ಟು ಪಟ್ಟು ಎಂದು ನೋಡುತ್ತೇವೆ, 1.5 ಪಟ್ಟು ಮೀರಿದರೆ ಗಂಭೀರವಾಗಿ ಪರಿಗಣಿಸುತ್ತಾರೆ. ಎರಡು ಸೀಳುಗಳಲ್ಲಿ ಉತ್ತರ ಸಿಗುತ್ತದೆ. ಆದರೆ ಹೃದಯದ ಬಲಭಾಗ ಹಿಗ್ಗಿದೆ, ಎಕೋದಲ್ಲಿ ರಂಧ್ರವೇ ಕಾಣುತ್ತಿಲ್ಲ ಎಂದಾದರೆ ಪರಿಸ್ಥಿತಿ ಬೇರೆ. ಶ್ವಾಸಕೋಶದಿಂದ ಬರುವ ಅಭಿಧಮನಿಯೊಂದು ತಪ್ಪು ಜಾಗಕ್ಕೆ ಸೇರಿರಬಹುದು, ಅಥವಾ ರಂಧ್ರ ಎಕೋಗೆ ಸುಲಭವಾಗಿ ಸಿಗದ ಮೇಲಿನ ಮೂಲೆಯಲ್ಲಿರಬಹುದು. ಎಲ್ಲಿ ನೋಡಬೇಕೆಂದು ಗೊತ್ತಿಲ್ಲದ ಇಂಥ ಕಡೆಗೇ 4ಡಿ ಫ್ಲೋ ಹೇಳಿ ಮಾಡಿಸಿದಂತಿದೆ, ಅದಕ್ಕಾಗಿ ಪ್ರಯಾಣ ಮಾಡಿದರೂ ಸಾರ್ಥಕ.

ಎರಡೆಸಳಿನ ಕವಾಟದ ಜೊತೆಗೆ ಮಹಾಪಧಮನಿ ಹಿಗ್ಗಿರುವವರು, ಅಥವಾ ಅದು ಒಂದೆಡೆ ಕಿರಿದಾಗಿರುವವರು, ಸುಳಿಗಳ ಚಿತ್ರಣವನ್ನು ಕೇಳಿಕೊಂಡು ಬರುತ್ತಾರೆ. ಆ ಚಿತ್ರಣ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ, ಆದರೆ ಶಸ್ತ್ರಚಿಕಿತ್ಸೆಯ ನಿರ್ಧಾರ ಇಂದಿಗೂ ಮುಖ್ಯವಾಗಿ ನಾಳದ ವ್ಯಾಸ, ಅದು ಬೆಳೆಯುವ ವೇಗ ಮತ್ತು ಕವಾಟದ ಸ್ಥಿತಿಯ ಮೇಲೆ ನಡೆಯುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಪ್ರತಿ ವರ್ಷದ ವ್ಯಾಸದ ಅಳತೆಯನ್ನು ತಪ್ಪಿಸದಿರುವುದಕ್ಕೆ ಅದನ್ನು ಖರ್ಚು ಮಾಡಿ. ಒಂದೇ ಹೃತ್ಕುಕ್ಷಿಯ ಮಕ್ಕಳಿಗೆ ಮಾಡುವ ಫಾಂಟಾನ್ ಶಸ್ತ್ರಚಿಕಿತ್ಸೆಯ ನಂತರ ಮಾತ್ರ ನನ್ನ ಅಭಿಪ್ರಾಯ ಬೇರೆ: ನಡುವೆ ಪಂಪು ಇಲ್ಲದೆ ರಕ್ತ ನೇರವಾಗಿ ಶ್ವಾಸಕೋಶಕ್ಕೆ ಹೋಗುವ ಆ ಜೋಡಣೆಯಲ್ಲಿ ಯಾವ ಕಡೆಗೆ ಎಷ್ಟು ಹಂಚಿಹೋಗುತ್ತಿದೆ ಎಂದು ತಿಳಿಯಲು 4ಡಿ ಫ್ಲೋ ಸಿಗುವ ಕೇಂದ್ರವನ್ನೇ ಹುಡುಕುವುದು ಒಳ್ಳೆಯದು.

ಮೈಟ್ರಲ್ ಸೋರಿಕೆಯಲ್ಲಿ ಎಕೋ ವರದಿ ಮಧ್ಯಮ ಮತ್ತು ತೀವ್ರದ ನಡುವೆ ತೂಗಾಡುತ್ತಿದ್ದರೆ, ಅಥವಾ ವರದಿಗೂ ರೋಗಿಯ ಆಯಾಸಕ್ಕೂ ಹೊಂದಿಕೆಯಾಗದಿದ್ದರೆ ಒಂದೇ ಸೀಳಿನ ಎಂಆರ್‌ಐ ಮಾಡಿಸಿ. ಹೃದಯದ ಲಯ ತೀರಾ ತಪ್ಪಿದ್ದರೆ ಎರಡೂ ಬಗೆಯ ಎಂಆರ್‌ಐ ಕಷ್ಟಪಡುತ್ತವೆ, ಏಕೆಂದರೆ ಹಲವು ಬಡಿತಗಳನ್ನು ಒಂದಾಗಿ ಜೋಡಿಸುವುದೇ ಅವುಗಳ ಆಧಾರ. ಅಂಥವರಲ್ಲಿ ಹಲವು ಬಡಿತಗಳ ಸರಾಸರಿ ತೆಗೆದ ಎಕೋವೇ ಮೇಲು.

ಹೊರಡುವ ಮುನ್ನ

ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಎಕೋ, ಸಿಟಿಗೆ ಊರು ಬಿಡಬೇಕಿಲ್ಲ. ಹರಿವಿನ ಅಳತೆಯ ಸಮೇತ ಹೃದಯದ ಎಂಆರ್‌ಐ ಎಂದಾಗ ಮಾತ್ರ ಯಂತ್ರ ಇದ್ದರೆ ಸಾಲದು, ಹೃದಯದ ಚಿತ್ರಣಕ್ಕೆ ಎದೆಯ ಮೇಲಿಡುವ ಕಾಯಿಲ್ ಎಂಬ ಸಂಕೇತಗ್ರಾಹಕ ಮತ್ತು ತಂತ್ರಾಂಶ ಇದೆಯೇ, ವರದಿ ಬರೆಯುವವರು ಯಾರು ಎಂದು ವಿಚಾರಿಸಿ. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಒಮ್ಮೆ ಹೋಗಿ ಅರೆಬರೆ ಪರೀಕ್ಷೆಯೊಡನೆ ಮರಳಿ ಬರುವುದು ಯಾರಿಗೂ ಬೇಡ. ಹೃದಯದ ಎಂಆರ್‌ಐ ವೆಚ್ಚ ಎಕೋಗಿಂತ ಹಲವು ಪಟ್ಟು ಇರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ನಿಮಗೆ ಬರೆದುಕೊಟ್ಟ ಪರೀಕ್ಷೆ ಅದರೊಳಗೆ ಸೇರುತ್ತದೆಯೇ, ರೆಫರಲ್ ಪತ್ರ ಎಲ್ಲಿಂದ ಬೇಕು ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲೇ ಕೇಳಿಕೊಳ್ಳಿ.

ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ತೆಗೆದುಕೊಂಡು ಹೋಗಿ, ಏಕೆಂದರೆ ಎಂಆರ್‌ಐಗೆ ಹೊಂದುವ ಮಾದರಿಗಳೂ ಇವೆ, ಹೊಂದದವೂ ಇವೆ. ಎದೆಮೂಳೆ ಹೊಲಿದ ತಂತಿಗಳ ಬಗ್ಗೆ ಹೆದರಬೇಕಿಲ್ಲ. ಕೃತಕ ಕವಾಟ ಇದ್ದವರಿಗೂ ಎಂಆರ್‌ಐ ಸಾಮಾನ್ಯವಾಗಿ ಸಾಧ್ಯ, ಆದರೆ ಶಸ್ತ್ರಚಿಕಿತ್ಸೆಯ ಕಾಗದವನ್ನು ತೋರಿಸಲೇಬೇಕು. ಚಿತ್ರ ಸ್ಪಷ್ಟವಾಗಲು ಬಳಸುವ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಡುವ ಸಾಧ್ಯತೆ ಇದ್ದರೆ ಮೂತ್ರಪಿಂಡದ ತೊಂದರೆ ಇರುವವರು ಈಚಿನ ಕ್ರಿಯಾಟಿನಿನ್ ವರದಿಯನ್ನು ಜೊತೆಗಿಟ್ಟುಕೊಳ್ಳಿ. ಸಣ್ಣ ಮಕ್ಕಳಿಗೆ ಮಂಪರು ಬೇಕಾಗಬಹುದು, ಆದ್ದರಿಂದ ಅರಿವಳಿಕೆ ವೈದ್ಯರು ಇರುವ ದಿನವನ್ನೇ ಗೊತ್ತುಮಾಡಿಕೊಳ್ಳಬೇಕು, ಎಷ್ಟು ಗಂಟೆಯಿಂದ ಆಹಾರ ಹಾಲು ನಿಲ್ಲಿಸಬೇಕೆಂದು ಬರೆಸಿಕೊಳ್ಳಬೇಕು.

ಪರೀಕ್ಷೆ ಮುಗಿದ ಮೇಲೆ ಫಿಲ್ಮ್ ಮತ್ತು ಕಾಗದದ ವರದಿಯನ್ನಷ್ಟೇ ತೆಗೆದುಕೊಂಡು ಬರಬೇಡಿ. ಎಲ್ಲ ಚಿತ್ರಗಳನ್ನೂ ಡೈಕಾಮ್ ಎಂಬ, ಆಸ್ಪತ್ರೆಗಳು ಬಳಸುವ ಡಿಜಿಟಲ್ ರೂಪದಲ್ಲಿ ಸಿಡಿ ಅಥವಾ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಮತ್ತು ಅದರಲ್ಲಿ ಫೇಸ್ ಚಿತ್ರಗಳೂ ಸೇರಿವೆಯೇ ಎಂದು ತಂತ್ರಜ್ಞರನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ನೋಡಲು ಬೂದು ಗದ್ದಲದಂತೆ ಕಾಣುವ ಆ ಚಿತ್ರಗಳಲ್ಲೇ ವೇಗದ ಮಾಹಿತಿ ಇರುವುದು. ಅವು ಇದ್ದರೆ ಇನ್ನೊಬ್ಬ ತಜ್ಞರು ಅದೇ ಹರಿವನ್ನು ಮತ್ತೆ ಅಳೆಯಬಹುದು, ಇಲ್ಲದಿದ್ದರೆ ಇಡೀ ಪರೀಕ್ಷೆಯನ್ನೇ ಮತ್ತೆ ಮಾಡಿಸಬೇಕಾಗುತ್ತದೆ.